ಜವಾನನ ಕಾಲಿಗೆ ಬಿದ್ದ ಪೆಟ್ಟನ್ನು ಅಳೆಯಿರಿ: ರಕ್ಷಣಾ ಸಚಿವರಿಗೂ ಗೃಹ ಸಚಿವರಿಗೂ ಬೆಳಗಾವಿಯಿಂದ ಒಂದು ಬಹಿರಂಗ ಪತ್ರ

ಸನ್ಮಾನ್ಯರೇ,

ನೆಲಬಾಂಬ್ ನಿರೋಧಕ ವಾಹನದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಅದರ ಜೊತೆಗೆ ಒಂದು ತೂಕವೂ ಬರುತ್ತದೆ. ಚಕ್ರದಡಿ ಇಷ್ಟು ಕಿಲೋ, ಹೊಟ್ಟೆಯಡಿ ಇಷ್ಟು ಕಿಲೋ ಟಿಎನ್‌ಟಿ ಸಿಡಿದರೂ ಈ ವಾಹನ ತಡೆದುಕೊಳ್ಳುತ್ತದೆ ಎಂದು ಹೇಳಲಾಗುತ್ತದೆ. ಆ ತೂಕ ಹೊರಗಿನ ಸ್ಫೋಟದ ಲೆಕ್ಕ. ಒಳಗೆ ಬೆಲ್ಟ್ ಬಿಗಿದು ಕುಳಿತ ಜವಾನನ ಹಿಮ್ಮಡಿಗೆ ಎಷ್ಟು ಬಲ ತಲುಪಿತು, ಬೆನ್ನುಮೂಳೆ ಎಷ್ಟು ಒತ್ತಿಕೊಂಡಿತು ಎಂಬುದು ಬೇರೆಯೇ ಲೆಕ್ಕ. ಈ ಎರಡನೆಯ ಲೆಕ್ಕ ಜನರ ಮುಂದೆ ಬರುವುದೇ ಇಲ್ಲ. ವಾಹನದಲ್ಲಿ ಕೂರುವವರಿಗಾದರೂ ಅದು ತಿಳಿಯಬೇಕು ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಂಪನ ಮತ್ತು ಅಳತೆಯ ಪಾಠ ಹೇಳಿ ನಿವೃತ್ತನಾದವನು. ಸೈನ್ಯದಲ್ಲಿ ದುಡಿದವನಲ್ಲ. ಆದರೂ ಈ ಊರಿನಲ್ಲಿದ್ದು ಸೈನ್ಯದಿಂದ ದೂರ ಇರಲು ಆಗುವುದಿಲ್ಲ. ಮರಾಠಾ ಲಘು ಪದಾತಿ ದಳದ ಕೇಂದ್ರ ಸುಮಾರು ನೂರು ವರ್ಷಗಳಿಂದ ಇಲ್ಲಿದೆ. ಖಾನಾಪುರದ ಕಡೆ ಸಿಆರ್‌ಪಿಎಫ್‌ನ ಕೋಬ್ರಾ ಪಡೆಯ ತರಬೇತಿ ಶಾಲೆಯಿದೆ. ನೇಮಕಾತಿ ರ‍್ಯಾಲಿ ಹತ್ತಿರ ಬಂತೆಂದರೆ ಬೈಲಹೊಂಗಲ, ಕಿತ್ತೂರು, ಗೋಕಾಕದ ಹಳ್ಳಿಗಳಲ್ಲಿ ನಸುಕಿನಲ್ಲೇ ರಸ್ತೆಯ ತುಂಬ ಓಡುವ ಹುಡುಗರು. ನನ್ನ ತರಗತಿಯಲ್ಲಿ ಕುಳಿತವರ ಪೈಕಿ ಅಣ್ಣನೋ ಸೋದರಮಾವನೋ ಯಾವುದಾದರೂ ಪಡೆಯಲ್ಲಿ ಇಲ್ಲದವರು ಕಡಿಮೆ. ಹಾಗಾಗಿ ಛತ್ತೀಸಗಡದಿಂದ ಬರುವ ನಕ್ಸಲ್ ಸ್ಫೋಟದ ಸುದ್ದಿ ನಮ್ಮಲ್ಲಿ ಪರಊರಿನ ಸುದ್ದಿಯಾಗಿ ಉಳಿಯುವುದಿಲ್ಲ.

2018ರ ಮಾರ್ಚ್ 13ರಂದು ಸುಕ್ಮಾದಲ್ಲಿ ಸಿಆರ್‌ಪಿಎಫ್‌ನ ಒಂಬತ್ತು ಮಂದಿ ಸತ್ತದ್ದು ನೆಲಬಾಂಬ್ ನಿರೋಧಕ ವಾಹನದಲ್ಲೇ. 2025ರ ಜನವರಿ 6ರಂದು ಅದೇ ಛತ್ತೀಸಗಡದ ಬಿಜಾಪುರ ಜಿಲ್ಲೆಯಲ್ಲಿ ಎಂಟು ಜವಾನರೂ ಒಬ್ಬ ಚಾಲಕನೂ ಸತ್ತರು. ಅವರ ವಾಹನಕ್ಕೆ ಕವಚವೇ ಇರಲಿಲ್ಲ. ರಸ್ತೆಯಡಿ ಹತ್ತಾರು ಕಿಲೋ ಸ್ಫೋಟಕ ಹೂತಿಟ್ಟರೆ ಯಾವ ವಾಹನವೂ ಉಳಿಯದು ಎಂಬುದು ನನಗೆ ಗೊತ್ತು. ಅದಕ್ಕಾಗಿ ಯಾರನ್ನೂ ದೂರುವುದಿಲ್ಲ. ನನ್ನ ಮಾತು ಅದಕ್ಕಿಂತ ಚಿಕ್ಕ ಸ್ಫೋಟಗಳದ್ದು. ಅಲ್ಲಿ ವಾಹನ ಉಳಿಯುತ್ತದೆ, ಪ್ರಾಣವೂ ಉಳಿಯುತ್ತದೆ, ಮನುಷ್ಯ ಮಾತ್ರ ಮುರಿಯುತ್ತಾನೆ.

ಕಿತ್ತೂರು ಸೀಮೆಯ ನಿವೃತ್ತ ಹವಾಲ್ದಾರರೊಬ್ಬರು ನನಗೆ ಪರಿಚಿತರು. ಇಂಥದೇ ವಾಹನವೊಂದರಲ್ಲಿ ಪೆಟ್ಟು ತಿಂದವರು. ಅವರ ಎಡ ಹಿಮ್ಮಡಿ ಚಪ್ಪಟೆಯಾಗಿ ಅಗಲಕ್ಕೆ ಹರಡಿಕೊಂಡಿದೆ. ಚಪ್ಪಲಿಯ ಹಿಂಬದಿಯ ಪಟ್ಟಿಯನ್ನು ಕತ್ತರಿಸಿಯೇ ಹಾಕಿಕೊಳ್ಳುತ್ತಾರೆ. "ಗಾಡಿಗೆ ಏನೂ ಆಗಿರಲಿಲ್ಲ ಸರ್. ಬಾಗಿಲು ಸರಾಗವಾಗಿ ತೆರೆಯಿತು. ಇಳಿಯಲು ಹೋದೆ, ಕಾಲು ನಿಲ್ಲಲಿಲ್ಲ" ಎಂದರು. ಅವರ ವಾಹನ ಯಾವ ಪರೀಕ್ಷೆಯಲ್ಲಿ ತೇರ್ಗಡೆಯಾಗಿತ್ತು, ಆ ಪರೀಕ್ಷೆಯಲ್ಲಿ ಕಾಲಿನ ಬಲವನ್ನು ಅಳೆದಿದ್ದರೇ ಎಂದು ಕೇಳಿದೆ. ಅವರು ನನ್ನ ಮುಖ ನೋಡಿದರು. ಅಂಥದ್ದೊಂದನ್ನು ಅಳೆಯುತ್ತಾರೆ ಎಂಬುದೇ ಅವರಿಗೆ ಹೊಸ ವಿಷಯವಾಗಿತ್ತು.

ಈ ಗಾಯ ಹೊಸದಲ್ಲ. ಎರಡನೆಯ ಮಹಾಯುದ್ಧದಲ್ಲಿ ಹಡಗುಗಳ ಅಡಿಯಲ್ಲಿ ಕಡಲಬಾಂಬ್ ಸಿಡಿದಾಗ ಡೆಕ್ಕಿನ ಮೇಲೆ ನಿಂತಿದ್ದ ನಾವಿಕರ ಹಿಮ್ಮಡಿಗಳು ಹೀಗೆಯೇ ಒಡೆಯುತ್ತಿದ್ದವು. ಹಡಗು ತೇಲುತ್ತಲೇ ಇರುತ್ತಿತ್ತು, ಮೈಮೇಲೆ ಒಂದು ಗೀರೂ ಇರುತ್ತಿರಲಿಲ್ಲ. ಉಕ್ಕಿನ ನೆಲ ಒಂದು ಕ್ಷಣ ಮೇಲಕ್ಕೆ ಚಿಮ್ಮಿ ಕಾಲನ್ನು ಹೊಡೆದಿರುತ್ತಿತ್ತು, ಅಷ್ಟೆ.

ವಾಹನದ ಅಡಿಯಲ್ಲಿ ನಡೆಯುವುದೂ ಅದೇ. ಸಿಡಿದ ಒಂದು ಮಿಲಿಸೆಕೆಂಡಿನೊಳಗೆ ಆಘಾತದ ಅಲೆ ತಳಕ್ಕೆ ಬಡಿಯುತ್ತದೆ. ಅದರ ಬೆನ್ನಿಗೇ ಬಿಸಿ ಅನಿಲವೂ ಮಣ್ಣಿನ ರಾಶಿಯೂ ಬಂದು ಅಪ್ಪಳಿಸುತ್ತವೆ. ಮುಂದಿನ ಕೆಲವೇ ಮಿಲಿಸೆಕೆಂಡುಗಳಲ್ಲಿ ತಗಡು ಒಳಗೆ ಉಬ್ಬುತ್ತದೆ. ಇಷ್ಟು ಹೊತ್ತಿಗೆ ವಾಹನ ಇನ್ನೂ ನೆಲ ಬಿಟ್ಟು ಎದ್ದಿರುವುದೇ ಇಲ್ಲ. ಜೋಳ ತುಂಬಿದ ಮೊರಕ್ಕೆ ಅಡಿಯಿಂದ ಬೆರಳಿನಿಂದ ಚುರುಕಾಗಿ ಹೊಡೆದು ನೋಡಿ: ಮೊರ ಇದ್ದಲ್ಲೇ ಇರುತ್ತದೆ, ಹೊಡೆದ ಜಾಗದ ಕಾಳು ಚಿಮ್ಮುತ್ತದೆ. ಕಾಲಿನ ಮೂಳೆ ಒಡೆಯುವುದು ಈ ಮೊದಲ ಹಂತದಲ್ಲಿ. ಆಮೇಲೆ, ಹತ್ತಾರು ಮಿಲಿಸೆಕೆಂಡುಗಳಲ್ಲಿ, ಇಡೀ ವಾಹನ ಮೇಲೇಳುತ್ತದೆ. ಸೀಟಿನ ಮೂಲಕ ಬಲ ಸೊಂಟಕ್ಕೂ ಬೆನ್ನಿಗೂ ಏರುತ್ತದೆ. ಕೊನೆಗೆ ವಾಹನ ನೆಲಕ್ಕೆ ಬಿದ್ದಾಗ ಮತ್ತೊಂದು ಪೆಟ್ಟು. ಹತ್ತು ಟನ್ನಿನ ವಾಹನ ಅರ್ಧ ಮೀಟರ್ ಎತ್ತರಕ್ಕೆ ಎಗರಿತು ಎಂದುಕೊಳ್ಳಿ. ಅದು ಸೆಕೆಂಡಿಗೆ ಸುಮಾರು 3.1 ಮೀಟರ್ ವೇಗದಲ್ಲಿ ಮೇಲೆದ್ದು, ಮುಕ್ಕಾಲು ಸೆಕೆಂಡಿಗೂ ಕಡಿಮೆ ಹೊತ್ತು ಗಾಳಿಯಲ್ಲಿದ್ದು, ಅದೇ ವೇಗದಲ್ಲಿ ಕೆಳಗೆ ಬೀಳುತ್ತದೆ. ಎಗರಿದ ಎತ್ತರವನ್ನು ವಿಡಿಯೊದಲ್ಲಿ ನೋಡಿ ಒಟ್ಟು ತಳ್ಳುಬಲವನ್ನು ಲೆಕ್ಕ ಹಾಕಬಹುದು. ಆದರೆ ಮೊದಲ ಹತ್ತು ಮಿಲಿಸೆಕೆಂಡುಗಳಲ್ಲಿ ಕಾಲಿಗೆ ಏನಾಯಿತು ಎಂಬುದನ್ನು ಆ ಎತ್ತರ ಹೇಳಲಾರದು.

ಅಡಿಭಾಗವನ್ನು 'ವಿ' ಆಕಾರದಲ್ಲಿ ಮಾಡಿ ಸ್ಫೋಟವನ್ನು ಪಕ್ಕಕ್ಕೆ ಹರಿಸುವ ಉಪಾಯವನ್ನು 1970ರ ದಶಕದಲ್ಲಿ ರೊಡೇಶಿಯಾ ಮತ್ತು ದಕ್ಷಿಣ ಆಫ್ರಿಕಾದವರು ಪಕ್ಕಾ ಮಾಡಿದರು. ಅಲ್ಲಿಂದ ಬಂದ ಕ್ಯಾಸ್ಪಿರ್ ಎಂಬ ವಾಹನ ನಮ್ಮ ಪಡೆಗಳಲ್ಲೂ ಓಡಿದೆ. ಚಕ್ರದಡಿ 21 ಕಿಲೋ, ಹೊಟ್ಟೆಯಡಿ 14 ಕಿಲೋ ಎಂಬ ಪ್ರಸಿದ್ಧ ಲೆಕ್ಕ ಅದರದೇ. ಆ ವಾಹನ ಲೆಕ್ಕವಿಲ್ಲದಷ್ಟು ಜೀವ ಉಳಿಸಿದೆ, ಅದನ್ನು ಹಗುರವಾಗಿ ನೋಡಲಾರೆ. ಆದರೆ ಅಳತೆಯ ವಿದ್ಯೆ ಅಲ್ಲಿಗೇ ನಿಲ್ಲಲಿಲ್ಲ. ನ್ಯಾಟೊ ಕೂಟದ ಸ್ಟಾನಾಗ್ 4569 ಎಂಬ ಮಾನದಂಡದಲ್ಲಿ ಎರಡು, ಮೂರು, ನಾಲ್ಕನೆಯ ಹಂತಗಳಿಗೆ ಕ್ರಮವಾಗಿ 6, 8, 10 ಕಿಲೋ ಸ್ಫೋಟಕವನ್ನು ನಿಗದಿ ಮಾಡಿದ್ದಾರೆ. ಆ ಮಾನದಂಡದ ತಿರುಳು ಕಿಲೋ ಲೆಕ್ಕದಲ್ಲಿಲ್ಲ. ಸೀಟಿನಲ್ಲಿ ಸಂವೇದಕ ತುಂಬಿದ ಬೊಂಬೆಯನ್ನು ಕೂರಿಸಿ, ಅದರ ಮೊಣಕಾಲಿನ ಕೆಳಗಿನ ಮೂಳೆಗೆ ಸುಮಾರು 550 ಕಿಲೋ ಭಾರಕ್ಕೆ ಸಮನಾದ 5.4 ಕಿಲೋನ್ಯೂಟನ್‌ಗಿಂತ ಹೆಚ್ಚು ಬಲ ಬೀಳಬಾರದು, ಬೆನ್ನುಮೂಳೆ ಎಷ್ಟು ಒತ್ತಿಕೊಂಡಿತು ಎಂದು ಹೇಳುವ ಸೂಚ್ಯಂಕ 17.7 ದಾಟಬಾರದು ಎನ್ನುತ್ತಾರಲ್ಲ, ತಿರುಳು ಅಲ್ಲಿದೆ.

ಈ ಮಿತಿಗಳ ಅರ್ಥವನ್ನು ಖರೀದಿ ಕಡತಕ್ಕೆ ಸಹಿ ಹಾಕುವ ಪ್ರತಿಯೊಬ್ಬ ಅಧಿಕಾರಿಯೂ ಒಮ್ಮೆ ನಿಧಾನವಾಗಿ ಓದಿಕೊಳ್ಳಬೇಕು. ಕಾಲಿನ ಮಿತಿಯೂ ಬೆನ್ನಿನ ಮಿತಿಯೂ ಗಾಯದ ಸಾಧ್ಯತೆ ಶೇ 10 ಇರುವ ಮಟ್ಟದಲ್ಲಿ ನಿಂತಿವೆ. ಮಿತಿಯ ಅಂಚಿನಲ್ಲಿ ತೇರ್ಗಡೆಯಾದ ವಾಹನದಲ್ಲಿ ಹತ್ತು ಜನ ಕುಳಿತರೆ, ಅವರಲ್ಲಿ ಒಬ್ಬನ ಕಾಲು ಮುರಿದರೂ ಪರೀಕ್ಷೆ ಸುಳ್ಳಾಗುವುದಿಲ್ಲ. ಕಾಲಿನ ಬಲ 5.3 ಕಿಲೋನ್ಯೂಟನ್ ಬಂದ ವಾಹನವೂ ಪಾಸು, 2.5 ಬಂದ ವಾಹನವೂ ಪಾಸು. ಒಳಗೆ ಕೂರುವವನಿಗೆ ಇವೆರಡರ ನಡುವೆ ಅಜಗಜಾಂತರ. ಕಡತದಲ್ಲಿ ಪಾಸು ಎಂದಷ್ಟೇ ಬರೆದು, ಕಡಿಮೆ ಬೆಲೆಯ ವಾಹನವನ್ನು ಆರಿಸಿದರೆ ಆ ಅಂತರ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ತೇರ್ಗಡೆಯ ಮುದ್ರೆಯ ಜೊತೆಗೆ ಅಂಕಪಟ್ಟಿಯೂ ಇರಲಿ. ಬೆಲೆ ಹೋಲಿಸುವ ಮೇಜಿನ ಮೇಲೆ ಕಾಲಿಗೆ ಬಿದ್ದ ಬಲವೂ ಇರಲಿ.

ಬೊಂಬೆಯ ಬಗ್ಗೆಯೂ ಒಂದು ಮಾತು. ಹೆಚ್ಚಾಗಿ ಬಳಕೆಯಲ್ಲಿರುವ ಹೈಬ್ರಿಡ್-3 ಬೊಂಬೆ 1970ರ ದಶಕದಲ್ಲಿ ಕಾರುಗಳ ಎದುರುಬದುರು ಡಿಕ್ಕಿಗಾಗಿ ಹುಟ್ಟಿದ್ದು; ಅಮೆರಿಕದ ಸರಾಸರಿ ಗಂಡಸಿನ ಅಳತೆ, ಸುಮಾರು 78 ಕಿಲೋ ತೂಕ. ಅದರ ಮೊಣಕಾಲಿನ ಕೆಳಗೆ ಇರುವುದು ಗಟ್ಟಿ ಉಕ್ಕಿನ ಕಂಬಿ. ಅಡಿಯಿಂದ ಪೆಟ್ಟು ಬಿದ್ದಾಗ ಅದು ಮನುಷ್ಯನ ಕಾಲಿನಂತೆ ಬಾಗದು, ಒತ್ತಿಕೊಳ್ಳದು. ಇದಕ್ಕಾಗಿಯೇ ಮಿಲ್-ಎಲ್‌ಎಕ್ಸ್ ಎಂಬ ಮೆತ್ತನೆಯ ಕಾಲನ್ನು ಮಾಡಿದರು, ಅದಕ್ಕೆ ಮಿತಿಯನ್ನು 2.6 ಕಿಲೋನ್ಯೂಟನ್‌ಗೆ ಇಳಿಸಿದರು. ಮುಂದೆ ಅಡಿಸ್ಫೋಟಕ್ಕೆಂದೇ ವಯಾಮನ್ ಎಂಬ ಪೂರ್ಣ ಬೊಂಬೆಯನ್ನು ಅಮೆರಿಕದ ಸೇನೆ ರೂಪಿಸಿತು. ಬೆನ್ನಿನ ಸೂಚ್ಯಂಕವಂತೂ ಯುದ್ಧವಿಮಾನದಿಂದ ಹೊರಚಿಮ್ಮುವ ಸೀಟಿನ ಅಧ್ಯಯನದಿಂದ ಬಂದದ್ದು. ಇಡೀ ಬೆನ್ನನ್ನು ಒಂದು ಸ್ಪ್ರಿಂಗ್, ಒಂದು ಭಾರ, ಒಂದು ಡ್ಯಾಂಪರ್ (ಕಂಪನ ತಗ್ಗಿಸುವ ಭಾಗ) ಎಂದು ಭಾವಿಸುವ ಲೆಕ್ಕ ಅದು. ನೆಟ್ಟಗೆ ಕುಳಿತು, ಬೆಲ್ಟ್ ಬಿಗಿದು, ಸಿದ್ಧನಾಗಿರುವ ಪೈಲಟ್‌ಗೆ ಅದು ಹೊಂದುತ್ತದೆ. ಗುಂಡುನಿರೋಧಕ ಜಾಕೆಟ್ ತೊಟ್ಟು, ತೊಡೆಯ ಮೇಲೆ ರೈಫಲ್ ಇಟ್ಟುಕೊಂಡು, ಎಂಟು ತಾಸಿನ ದಾರಿಯಲ್ಲಿ ಮುಂದಕ್ಕೆ ಬಾಗಿ ತೂಕಡಿಸುವ ಜವಾನನ ಬೆನ್ನು ಬೇರೆ. ಬೊಂಬೆಗೆ ನಮ್ಮ ಹುಡುಗರ ಮೈಕಟ್ಟು, ಅವರ ಪೂರ್ತಿ ಸಾಮಾನಿನ ಭಾರ, ಅವರು ನಿಜಕ್ಕೂ ಕೂರುವ ಭಂಗಿ ಎಲ್ಲವೂ ಬರಬೇಕು.

ಇನ್ನು ನನ್ನ ಸ್ವಂತ ವಿಷಯಕ್ಕೆ ಬರುತ್ತೇನೆ: ಅಳೆಯುವುದು ಹೇಗೆ ಎಂಬುದು. ಇದರ ಬಗ್ಗೆ ತುಸು ಹೆಚ್ಚಾಗಿಯೇ ಬರೆಯುತ್ತೇನೆ. ತಪ್ಪು ಅಳತೆ ಅಳೆಯದಿರುವುದಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಧೈರ್ಯ ಕೊಡುತ್ತದೆ.

ಸ್ಫೋಟದ ಮರುದಿನ ಒಂದು ಅಳತೆಗೋಲು ಹಿಡಿದು, ತಗಡು ಎಷ್ಟು ಒಳಬಾಗಿದೆ ಎಂದು ನೋಡುವುದು ಅತ್ಯಂತ ಸುಲಭದ ಕೆಲಸ. ಲೇಸರ್ ಸ್ಕ್ಯಾನರ್ ಇದ್ದರೆ ಇನ್ನೂ ಚಂದದ ಚಿತ್ರ ಸಿಗುತ್ತದೆ. ಆದರೆ ಉಕ್ಕಿನ ತಗಡು ಉಬ್ಬಿದಷ್ಟೂ ಉಳಿಯುವುದಿಲ್ಲ. ಪೆಟ್ಟಿನ ಕ್ಷಣದಲ್ಲಿ ಎಲ್ಲಿಯವರೆಗೋ ಹೋಗಿ, ಸ್ವಲ್ಪ ಹಿಂದಕ್ಕೆ ಬಂದು ನಿಲ್ಲುತ್ತದೆ. ಮರುದಿನ ಕಾಣುವುದು ಹಿಂದಕ್ಕೆ ಬಂದ ಮೇಲಿನ ಉಬ್ಬು. ಜವಾನನ ಬೂಟಿಗೆ ತಾಗಿದ್ದು ತುತ್ತತುದಿಯ ಉಬ್ಬು. ಪಾದದ ಕೆಳಗೆ ಇಷ್ಟು ಇಂಚು ತೆರಪಿದೆ, ತಗಡು ಅಲ್ಲಿಗೆ ಮುಟ್ಟಿಲ್ಲ ಎಂದು ಬರೆದುಕೊಳ್ಳುವವರು ಈ ಎರಡರಲ್ಲಿ ಯಾವುದನ್ನು ಅಳೆದರು ಎಂದು ಕೇಳಲೇಬೇಕು.

ಇದನ್ನು ಹಿಡಿಯಲು ದುಬಾರಿ ಉಪಕರಣವೇ ಬೇಕೆಂದಿಲ್ಲ. ತೆಳು ತಗಡಿನ ಬಾಚಣಿಗೆ ಸಾಕು. ಒಂದು ಗಟ್ಟಿ ಚೌಕಟ್ಟಿಗೆ ಬೇರೆ ಬೇರೆ ಉದ್ದದ ಹಲ್ಲುಗಳನ್ನು ಸಾಲಾಗಿ ಕೂರಿಸುತ್ತಾರೆ. ತಗಡು ಎಲ್ಲಿಯವರೆಗೆ ಬಂತೋ ಅಲ್ಲಿಯವರೆಗಿನ ಹಲ್ಲುಗಳು ಬಾಗುತ್ತವೆ, ಮತ್ತೆ ಏಳುವುದಿಲ್ಲ. ನಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ವಿದ್ಯಾರ್ಥಿಗಳಿಗೆ ತೋರಿಸಲೆಂದು ಉದ್ಯಮಬಾಗದಲ್ಲಿ ಕತ್ತರಿಸಿ ತಂದ ಅಲ್ಯೂಮಿನಿಯಂ ಪಟ್ಟಿಯಲ್ಲಿ ಇಂಥದ್ದೊಂದನ್ನು ಮಾಡಿದ್ದೆವು. ಅಂಚು ಬಿಗಿದ ಉಕ್ಕಿನ ತಗಡಿನ ಮೇಲೆ ಎತ್ತರದಿಂದ ಭಾರ ಬೀಳಿಸಿದೆವು, ಅಡಿಯಲ್ಲಿ ಬಾಚಣಿಗೆ. ಭಾರ ತೆಗೆದು ತಗಡಿಗೂ ಹಲ್ಲುಗಳಿಗೂ ನಡುವೆ ಬೆರಳು ತೂರಿಸಿದ ಹುಡುಗಿಯೊಬ್ಬಳು, "ಸರ್, ಈ ಹಲ್ಲಿಗೆ ತಗಡು ಮುಟ್ಟಿಯೇ ಇಲ್ಲ, ಆದರೂ ಬಾಗಿದೆ" ಎಂದು ಕೂಗಿದಳು. ಅವಳ ಬೆರಳು ಹೋದ ಆ ಸಂದಿಯೇ ನಾನು ಹೇಳುತ್ತಿರುವ ವ್ಯತ್ಯಾಸ.

ವಿದ್ಯುತ್ ಸಂವೇದಕಗಳ ಕಥೆ ಇನ್ನೂ ಸೂಕ್ಷ್ಮ. ತಗಡಿಗೆ ಅಂಟಿಸಿದ ಆಕ್ಸಲರೋಮೀಟರ್, ಅಂದರೆ ವೇಗ ಬದಲಾಗುವ ದರವನ್ನು ಅಳೆಯುವ ಸಂವೇದಕ, ಸಾವಿರಾರು 'ಜಿ' (ಭೂಮಿಯ ಗುರುತ್ವದ ಸಾವಿರಾರು ಪಟ್ಟು) ಪೆಟ್ಟು ತಿಂದ ಮೇಲೆ ಕೆಲವೊಮ್ಮೆ ತನ್ನ ಸೊನ್ನೆಗೆ ಮರಳುವುದಿಲ್ಲ. ನೂರು 'ಜಿ' ಆಚೀಚೆ ನಿಂತುಬಿಟ್ಟಿತು ಎಂದಿಟ್ಟುಕೊಳ್ಳಿ. ಸಾವಿರಗಳ ನಡುವೆ ನೂರು ದೊಡ್ಡದಾಗಿ ಕಾಣದು. ಆದರೆ ವೇಗ ಬೇಕೆಂದು ಅದನ್ನು ಹತ್ತೇ ಮಿಲಿಸೆಕೆಂಡು ಕೂಡಿಸುತ್ತ ಹೋದರೆ ಸೆಕೆಂಡಿಗೆ ಹತ್ತು ಮೀಟರಿನಷ್ಟು ಸುಳ್ಳು ವೇಗ ಸೇರಿಕೊಳ್ಳುತ್ತದೆ. ಕಾಲು ಮುರಿಯುವ ನೆಲದ ವೇಗವೂ ಸರಿಸುಮಾರು ಅಷ್ಟೇ! ತಪ್ಪು ಮತ್ತು ನಿಜ ಒಂದೇ ಗಾತ್ರದವು. ಹಾಗಾಗಿ ಒಂದೇ ಸಂವೇದಕವನ್ನು ನಂಬಿದ ವರದಿಯನ್ನು ಒಪ್ಪಲೇಬಾರದು. ಅತಿವೇಗದ ಕ್ಯಾಮೆರಾ, ತಗಡಿನ ಹಿಗ್ಗು-ಕುಗ್ಗು ಅಳೆಯುವ ಸ್ಟ್ರೈನ್ ಗೇಜ್, ಬಾಚಣಿಗೆ, ಇವುಗಳಲ್ಲಿ ಒಂದಾದರೂ ಸ್ವತಂತ್ರವಾಗಿ ಅದೇ ಉತ್ತರ ಕೊಡಬೇಕು. ಕ್ಯಾಮೆರಾವನ್ನು ವಾಹನದ ಗೋಡೆಗೇ ಬಿಗಿದರೆ ಗೋಡೆ ನಡುಗಿದಾಗ ಚಿತ್ರವೂ ನಡುಗುತ್ತದೆ, ಆ ನಡುಕವನ್ನು ಕಳೆಯದೆ ಓದಿದ ಅಳತೆ ಅಳತೆಯಲ್ಲ. ಇವೆಲ್ಲ ಡಿಆರ್‌ಡಿಒದ ಸ್ಫೋಟ ಪರೀಕ್ಷಾ ಪ್ರಯೋಗಾಲಯವಾದ, ಚಂಡೀಗಡದ ಟಿಬಿಆರ್‌ಎಲ್‌ನಲ್ಲಿ ಕೆಲಸ ಮಾಡುವ ವಿಜ್ಞಾನಿಗಳಿಗೆ ನನಗಿಂತ ಚೆನ್ನಾಗಿ ಗೊತ್ತು. ಕಡತ ಅವರ ಮೇಜು ದಾಟಿ ಮೇಲೆ ಹೋಗುವಾಗ ಈ ವಿವರಗಳು ಉದುರಿ, ಒಂದೇ ಪದದ ಫಲಿತಾಂಶ ಉಳಿಯಬಾರದು ಎಂಬುದೇ ನನ್ನ ಕಳವಳ.

ಮಣ್ಣಿನದೂ ಒಂದು ಪಾಲಿದೆ. ಒಣ ಮರಳಿನಲ್ಲಿ ಹೂತ ಸ್ಫೋಟಕಕ್ಕಿಂತ ನೀರು ತುಂಬಿದ ಮಣ್ಣಿನಲ್ಲಿ ಹೂತದ್ದು ವಾಹನವನ್ನು ಬಹಳ ಜೋರಾಗಿ ಎತ್ತುತ್ತದೆ. ಅದೇ ತೂಕ, ಅದೇ ಆಳ, ಪೆಟ್ಟು ಮಾತ್ರ ಬೇರೆ. ಬೆಳಗಾವಿಯ ಯಾವುದೇ ಫೌಂಡ್ರಿಯಲ್ಲಿ ಅಚ್ಚಿನ ಮರಳಿನ ತೇವವನ್ನು ನೋಡದೆ ಎರಕ ಹೊಯ್ಯುವುದಿಲ್ಲ. ಒಂದು ಎರಕದ ತುಂಡಿಗೆ ನಾವು ಕೊಡುವ ಕಾಳಜಿಯನ್ನು ಜವಾನನ ಪರೀಕ್ಷೆಗೂ ಕೊಡಬೇಕು. ಪರೀಕ್ಷೆಯ ದಿನ ಮಣ್ಣಿನ ಸಾಂದ್ರತೆ, ತೇವ, ಹೂತ ಆಳ ಎಲ್ಲವೂ ವರದಿಯ ಮೊದಲ ಪುಟದಲ್ಲಿ ದಾಖಲಾಗಲಿ. ಖಾನಾಪುರದ ಕೆಂಪು ಜಂಬಿಟ್ಟಿಗೆಗೂ ಸವದತ್ತಿಯ ಎರೆ ಹೊಲಕ್ಕೂ ಎಷ್ಟು ವ್ಯತ್ಯಾಸ ಎಂಬುದು ಮಳೆಗಾಲದಲ್ಲಿ ಇಲ್ಲಿ ಬೈಕ್ ಓಡಿಸಿದ ಯಾರಿಗಾದರೂ ಗೊತ್ತು. ಬಸ್ತರಿನ ಮಳೆಗಾಲದ ರಸ್ತೆಗೆ ಕಳುಹಿಸುವ ವಾಹನವನ್ನು ಬೇಸಿಗೆಯ ಒಣ ನೆಲದಲ್ಲಿ ಪರೀಕ್ಷಿಸಿದರೆ ಆ ಫಲಿತಾಂಶ ಯಾರ ಉಪಯೋಗಕ್ಕೆ?

ಪರೀಕ್ಷೆಯಾದ ವಾಹನ ಹೊಸದು. ಓಡುವ ವಾಹನ ಹಳೆಯದಾಗುತ್ತದೆ. ಸ್ಫೋಟದ ಬಲವನ್ನು ನುಂಗುವ ಸೀಟು ಛಾವಣಿಗೋ ಪಕ್ಕದ ಗೋಡೆಗೋ ತೂಗಿಕೊಂಡಿರುತ್ತದೆ. ಪಾದ ಇಡುವ ಪಟ್ಟಿ ನೆಲದಿಂದ ಮೇಲಿರುತ್ತದೆ. ಈ ತೆರಪುಗಳೇ ಜವಾನನನ್ನು ಕಾಯುವುದು. ಅದೇ ತೆರಪಿನಲ್ಲಿ ನೀರಿನ ಕ್ಯಾನು, ಪಡಿತರದ ಚೀಲ, ಮದ್ದುಗುಂಡಿನ ಪೆಟ್ಟಿಗೆ ತುರುಕಿದರೆ ತಗಡಿನ ಪೆಟ್ಟು ನೇರವಾಗಿ ಸೀಟಿಗೆ ದಾಟುತ್ತದೆ. ಜಾಗ ಸಾಲದಿದ್ದಾಗ ಮನುಷ್ಯರು ಮಾಡುವುದೇ ಅದು, ಅವರನ್ನು ಬೈದು ಪ್ರಯೋಜನವಿಲ್ಲ. ಪರೀಕ್ಷೆಯಲ್ಲೇ ಹಾಗೆ ಸಾಮಾನು ತುಂಬಿ ಅಳೆಯಿರಿ. ಪಾದಪಟ್ಟಿಯ ಮೇಲೆ ಒಂದು ಬೊಂಬೆ, ನೆಲದ ಮೇಲೆ ಕಾಲಿಟ್ಟ ಇನ್ನೊಂದು ಬೊಂಬೆ ಇರಲಿ. ಎರಡರ ಅಂಕಿಗಳನ್ನೂ ದೊಡ್ಡ ಅಕ್ಷರದಲ್ಲಿ ಬಾಗಿಲ ಒಳಬದಿಗೆ ಅಂಟಿಸಿ, ಜವಾನ ಓದುವ ಭಾಷೆಯಲ್ಲಿ. ಕಾಲನ್ನು ಪಟ್ಟಿಯ ಮೇಲಿಡು ಎಂಬ ಆದೇಶಕ್ಕಿಂತ ಆ ಎರಡು ಅಂಕಿ ಹೆಚ್ಚು ಕೆಲಸ ಮಾಡುತ್ತವೆ. ವರ್ಷಗಳ ಮೇಲೆ ಬೆಸುಗೆ ಬಿಟ್ಟು ಮತ್ತೆ ಹಾಕಿಸಿಕೊಂಡ ಒಂದು ಹಳೆಯ ವಾಹನವನ್ನೂ ಆಗಾಗ ಪರೀಕ್ಷಾ ಮೈದಾನಕ್ಕೆ ಕಳುಹಿಸಿ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ನಿಜವಾದ ಸ್ಫೋಟಕ್ಕೆ ಸಿಕ್ಕ ವಾಹನ ಗುಜರಿಗೆ ಹೋಗುತ್ತದೆ, ಗಾಯಗೊಂಡವರು ಆಸ್ಪತ್ರೆಗೆ ಹೋಗುತ್ತಾರೆ. ಯಾವ ಸೀಟಿನಲ್ಲಿ ಕುಳಿತವನ ಯಾವ ಮೂಳೆ ಮುರಿಯಿತು, ಆ ಸೀಟಿನಡಿ ತಗಡು ಎಷ್ಟು ಉಬ್ಬಿತ್ತು ಎಂಬುದನ್ನು ಒಂದೇ ಹಾಳೆಯಲ್ಲಿ ಬರೆದಾಗ ಮಾತ್ರ ಮುಂದಿನ ವಾಹನ ಸುಧಾರಿಸುತ್ತದೆ. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳ ಕಾಲದಲ್ಲಿ ಅಮೆರಿಕದವರು ಜೆಟಿಎಪಿಐಸಿ ಎಂಬ ಕಾರ್ಯಕ್ರಮ ಕಟ್ಟಿ ವೈದ್ಯರು, ವಾಹನ ತಜ್ಞರು, ಗುಪ್ತಚರ ಸಿಬ್ಬಂದಿಯ ಮಾಹಿತಿಯನ್ನು ಒಟ್ಟಿಗೆ ತಂದರು. ನಮ್ಮಲ್ಲಿ ಸೇನೆ ಒಂದು ಸಚಿವಾಲಯದ ಕೆಳಗೆ, ಸಿಆರ್‌ಪಿಎಫ್ ಇನ್ನೊಂದರ ಕೆಳಗೆ, ರಾಜ್ಯ ಪೊಲೀಸರು ಮತ್ತೊಂದೆಡೆ. ಪತ್ರವನ್ನು ನಿಮ್ಮಿಬ್ಬರಿಗೂ ಸೇರಿಸಿ ಬರೆದದ್ದು ಇದೇ ಕಾರಣಕ್ಕೆ. ಕಿತ್ತೂರಿನ ಹವಾಲ್ದಾರರ ಎಕ್ಸ್‌ರೇ ಅವರ ಮನೆಯ ಟ್ರಂಕಿನಲ್ಲಿದೆ. ಅದು ವಾಹನ ರೂಪಿಸುವ ಎಂಜಿನಿಯರನ ಮೇಜಿನ ಮೇಲಿರಬೇಕಿತ್ತು.

ಇವೆಲ್ಲ ಗುಟ್ಟಿನ ವಿಷಯ, ಹೊರಗೆ ಬಂದರೆ ಶತ್ರುವಿಗೆ ಅನುಕೂಲ ಎಂದು ಹೇಳುವವರಿದ್ದಾರೆ. ಆ ಆತಂಕವನ್ನು ಗೌರವಿಸುತ್ತೇನೆ. ಆದರೆ ಎಷ್ಟು ಕಿಲೋ ತಡೆಯುತ್ತದೆ ಎಂಬುದನ್ನು ಪ್ರದರ್ಶನ ಮಳಿಗೆಯ ಫಲಕದಲ್ಲೇ ಬರೆಯುತ್ತಾರಲ್ಲವೇ? ಸ್ಫೋಟಕ ಹೂಳುವವನಿಗೆ ಬೇಕಾದ ಅಂಕಿ ಅದು. ಕಾಲಿಗೆ ಬಿದ್ದ ಬಲದ ಅಂಕಿ ಅವನಿಗೆ ಯಾವ ಪ್ರಯೋಜನಕ್ಕೂ ಬಾರದು. ಬೇಡವೆಂದರೆ ಪತ್ರಿಕೆಗೆ ಕೊಡಬೇಡಿ. ಆ ವಾಹನ ಹತ್ತುವ ಬೆಟಾಲಿಯನ್ನಿನ ಕಮಾಂಡೆಂಟರಿಗೆ, ಅದರ ವೈದ್ಯಾಧಿಕಾರಿಗೆ, ಮತ್ತು ಖರೀದಿಯ ಮೇಲೆ ಕಣ್ಣಿಡುವ ಸಂಸದೀಯ ಸಮಿತಿಗೆ ಪೂರ್ತಿ ವರದಿ ಕೊಡಿ.

ಕೇಳುವುದಷ್ಟೇ ಅಲ್ಲ, ಕೊಡುವುದಕ್ಕೂ ಬೆಳಗಾವಿಯಲ್ಲಿ ಇದೆ. 1998ರಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇಲ್ಲಿದೆ. ಉದ್ಯಮಬಾಗ ಮತ್ತು ಮಚ್ಛೆಯಲ್ಲಿ ಉಕ್ಕು ಕತ್ತರಿಸುವವರು, ಎರಕ ಹೊಯ್ಯುವವರು, ಹೈಡ್ರಾಲಿಕ್ ಭಾಗಗಳನ್ನು ಮೈಕ್ರಾನ್ ಲೆಕ್ಕದಲ್ಲಿ ತಿರುಗಿಸುವವರು ಇದ್ದಾರೆ. ದೊಡ್ಡ ವೈದ್ಯಕೀಯ ಕಾಲೇಜುಗಳೂ ಮಿಲಿಟರಿ ಆಸ್ಪತ್ರೆಯೂ ಇದೇ ಊರಿನಲ್ಲಿವೆ. ಸೀಟು, ಪಾದಪಟ್ಟಿ, ನೆಲದ ಹಾಸುಗಳನ್ನು ಪರೀಕ್ಷಿಸಲು ಪ್ರತಿ ಸಲವೂ ಸ್ಫೋಟಕ ಬೇಕಿಲ್ಲ. ಎತ್ತರದಿಂದ ಭಾರ ಬೀಳಿಸಿ, ಸ್ಫೋಟದಲ್ಲಿ ನೆಲ ಪಡೆಯುವ ವೇಗವನ್ನೇ ಕೆಲವು ಮಿಲಿಸೆಕೆಂಡುಗಳಲ್ಲಿ ಕೊಡುವ ಲಂಬ ಆಘಾತ ಯಂತ್ರವನ್ನು ಕಟ್ಟಬಹುದು. ಅದರಲ್ಲಿ ಒಂದು ದಿನಕ್ಕೆ ಹಲವು ಸಲ ಅಳೆಯಬಹುದು. ಯಾವ ಸೀಟು ಮೇಲು, ಯಾವುದು ಕೀಳು ಎಂದು ಮೈದಾನಕ್ಕೆ ಹೋಗುವ ಮೊದಲೇ ಸೋಸಬಹುದು. ಸ್ಫೋಟದ ಮೈದಾನ ಟಿಬಿಆರ್‌ಎಲ್‌ನ ಕೈಯಲ್ಲೇ ಇರಲಿ, ಇರಬೇಕಾದ್ದೂ ಅಲ್ಲೇ. ಈ ಯಂತ್ರವನ್ನು ನಮ್ಮ ಹುಡುಗ ಹುಡುಗಿಯರಿಗೆ ಕೊಡಿ. ಅವರಿಗೆ ಮಾನದಂಡದ ಪ್ರತಿಯನ್ನು, ಒಂದು ಬೊಂಬೆಯನ್ನು, ಹಳೆಯದಾದರೂ ಸರಿ, ಮತ್ತು ವರ್ಷಕ್ಕೊಮ್ಮೆ ಬಂದು ತಪ್ಪು ತಿದ್ದುವ ಒಬ್ಬ ವಿಜ್ಞಾನಿಯನ್ನು ಒದಗಿಸಿ.

ಎರಡೂ ಸಚಿವಾಲಯಗಳಿಂದ ಒಬ್ಬೊಬ್ಬ ಅಧಿಕಾರಿಯನ್ನು ಹೆಸರಿಸಿ, ಈಗ ಸೇವೆಯಲ್ಲಿರುವ ಪ್ರತಿಯೊಂದು ಮಾದರಿಯ ವಾಹನಕ್ಕೂ ಕಾಲು, ಬೆನ್ನು, ಕುತ್ತಿಗೆಯ ಅಳತೆ ದಾಖಲೆಯಲ್ಲಿ ಇದೆಯೇ ಇಲ್ಲವೇ ಎಂದು ಮೊದಲು ಪಟ್ಟಿ ಮಾಡಿಸಿ. ಇಲ್ಲದ ಮಾದರಿಯನ್ನು ಮುಂದಿನ ಖರೀದಿಗೆ ಮೊದಲು ಅಳೆಯಿಸಿ. ಆ ಕೆಲಸಕ್ಕೆ ಕೈಜೋಡಿಸಬಲ್ಲ ಅಧ್ಯಾಪಕರು, ಮೂಳೆ ವೈದ್ಯರು ಮತ್ತು ಕಾರ್ಖಾನೆಯವರನ್ನು ಒಂದೆಡೆ ಸೇರಿಸುವ ಹೊಣೆಯನ್ನು ಬೆಳಗಾವಿಯಲ್ಲಿ ನಾನು ಹೊರುತ್ತೇನೆ.

ಇಂತಿ,
ಬೆಳಗಾವಿಯ ಒಬ್ಬ ನಿವೃತ್ತ ಎಂಜಿನಿಯರಿಂಗ್ ಅಧ್ಯಾಪಕ